ಒರೆಸುವ ಮೊದಲು ತೊಳೆಯಿರಿ: ಸೈಡ್ ಮಿರರ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ವೈಪರ್ ಬ್ಲೇಡುಗಳ ಬಗ್ಗೆ ಬರೆದ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಭಾಗದ ಗಾಜನ್ನು ಬಿಟ್ಟು ಕಾರಿನ ಎರಡು ಪಕ್ಕದ ಕನ್ನಡಿಗಳ ಸಂಗತಿಯನ್ನೇ ಎತ್ತಿಕೊಂಡಿದ್ದವು. ಕಾಸರಗೋಡಿನ ಓದುಗರ ಪತ್ರಗಳು ಎಂದಿನಂತೆ ಹೆಚ್ಚು. ಅವುಗಳೊಡನೆ ಅಕ್ಕಲಕೋಟೆ ಮತ್ತು ಹೊಸೂರಿನಿಂದ ಬಂದ ಎರಡು ಪತ್ರಗಳನ್ನೂ ಇಲ್ಲಿ ತೆಗೆದುಕೊಂಡಿದ್ದೇನೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಕಾರಿಗೆ ಈಗ ನಾಲ್ಕು ವರ್ಷ. ಬೆಳಗ್ಗೆ ಹೊರಡುವ ಮೊದಲು ಎರಡೂ ಸೈಡ್ ಮಿರರ್‌ಗಳನ್ನು ಒಂದು ದಿನವೂ ತಪ್ಪದೆ ಹತ್ತಿಯ ಬೈರಾಸಿನಿಂದ ಒರೆಸುತ್ತೇನೆ. ಆದರೂ ಸಂಜೆಯ ಹೊತ್ತು ಹಿಂದಿನಿಂದ ಬಿಸಿಲು ಬಿದ್ದಾಗ ಕನ್ನಡಿಯ ತುಂಬ ಜೇಡನ ಬಲೆಯಂತಹ ಸಣ್ಣ ಸಣ್ಣ ಗೀರುಗಳು ಕಾಣಿಸುತ್ತವೆ. ಇಷ್ಟು ಜಾಗ್ರತೆ ಮಾಡಿದರೂ ಹೀಗಾಗುವುದೇಕೆ?
– ಸೀತಾಂಗೋಳಿಯ ಓದುಗರು

ಉತ್ತರ: ತಾವು ಬೇಸರಿಸಬಾರದು, ಗೀರುಗಳು ಬಿದ್ದದ್ದು ಆ ಜಾಗ್ರತೆಯಿಂದಲೇ. ನಮ್ಮ ಕಡೆಯ ರಸ್ತೆಯ ಹುಡಿ ನೋಡುವುದಕ್ಕೆ ಮೆತ್ತಗಿನ ಕೆಂಪು ಮಣ್ಣಿನಂತೆ ಕಂಡರೂ ಅದರೊಳಗೆ ಮುರಕಲ್ಲಿನ ಕಬ್ಬಿಣದ ಅಂಶದ ಜತೆ ಬೆಣಚುಕಲ್ಲಿನ ಅತಿಸಣ್ಣ ಕಣಗಳು ಬೆರೆತಿರುತ್ತವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಹ್ಸ್ ಮಾಪಕದಲ್ಲಿ ಸಾಮಾನ್ಯ ಗಾಜಿನ ಸ್ಥಾನ ಸುಮಾರು 5.5, ಬೆಣಚುಕಲ್ಲಿನದು 7. ಗಡಸಾದ ವಸ್ತು ಮೆದುವಾದುದನ್ನು ಗೀರುತ್ತದೆ ಎಂಬುದೇ ಆ ಮಾಪಕದ ಆಧಾರವಾದುದರಿಂದ, ಒಣಹುಡಿ ಕುಳಿತ ಕನ್ನಡಿಯ ಮೇಲೆ ಬೈರಾಸು ಎಳೆಯುವುದೆಂದರೆ ಉಪ್ಪುಕಾಗದದಿಂದ ಬಹಳ ಮೆಲ್ಲಗೆ ಉಜ್ಜಿದಂತೆಯೇ ಆಯಿತು. ಹತ್ತಿ ಎಷ್ಟು ಮೃದುವಾಗಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಗಾಜನ್ನು ಗೀರುವುದು ಬಟ್ಟೆಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ಕಣ. ಕಲ್ಲಿನ ಕೋರೆಗಳ ಹತ್ತಿರ ವಾಸಿಸುವವರಿಗೂ, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ವರ್ಷಗಳಲ್ಲಿ ತಲಪಾಡಿ–ಚೆಂಗಳ ನಡುವೆ ದಿನವೂ ಓಡಾಡಿದವರಿಗೂ ಈ ಹುಡಿಯ ಪರಿಚಯ ಬೇರೆ ಹೇಳಬೇಕಾಗಿಲ್ಲ. ನನ್ನ ಮೊದಲ ಕಾರಿನ ಬಲಗನ್ನಡಿಯನ್ನು ಪಂಚೆಯ ಅಂಚಿನಿಂದ ಒರೆಸಿ ಒರೆಸಿ ಹಾಳು ಮಾಡಿದವನು ನಾನೇ ಆದುದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗೆ ಸ್ವಲ್ಪ ಇದೆ.

ಮೊದಲು ನೀರು, ಆಮೇಲೆ ಬಟ್ಟೆ. ಒಂದು ಚೆಂಬು ನೀರನ್ನು ಕನ್ನಡಿಯ ಮೇಲಂಚಿನಿಂದ ನಿಧಾನವಾಗಿ ಇಳಿಯಬಿಟ್ಟರೆ ಹುಡಿಯ ಬಹುಪಾಲು ಯಾರೂ ಮುಟ್ಟದೆಯೇ ಇಳಿದುಹೋಗುತ್ತದೆ. ಆ ಬಳಿಕ ಕಾರು ತೊಳೆಯುವ ಶ್ಯಾಂಪುವಿನ ಎರಡು ಹನಿ ಬೆರೆಸಿದ ನೀರಿನಲ್ಲಿ ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಒತ್ತಡ ಹಾಕದೆ, ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಎಳೆಯಬೇಕು. ಪ್ರತಿ ಸಲವೂ ಬಟ್ಟೆಯ ಬೇರೊಂದು ಮಗ್ಗುಲನ್ನು ಬಳಸಬೇಕು. ಮತ್ತೆ ನೀರು ಹೊಯ್ದು, ಎರಡನೆಯ ಒಣಬಟ್ಟೆಯನ್ನು ಗಾಜಿಗೆ ಒತ್ತಿ ನೀರು ಹೀರಿಸಿದರೆ ಸಾಕು, ಉಜ್ಜುವ ಅಗತ್ಯವೇ ಬೀಳುವುದಿಲ್ಲ. ಕನ್ನಡಿಯ ಬಟ್ಟೆಯನ್ನು ಕಾರಿನ ಮೈ ಒರೆಸುವ ಬಟ್ಟೆಯೊಡನೆ ಒಂದೇ ಬಕೆಟ್ಟಿನಲ್ಲಿ ಹಾಕಬೇಡಿ. ಒಗೆಯುವಾಗ ಬಟ್ಟೆ ಮೆದುವಾಗಿಸುವ ಸುಗಂಧದ ದ್ರವವನ್ನೂ ಹಾಕಬೇಡಿ, ಅದರ ಜಿಡ್ಡು ಗಾಜಿನ ಮೇಲೆ ಮಬ್ಬಾಗಿ ಕೂರುತ್ತದೆ. ಬೆಳಗ್ಗೆ ಅಷ್ಟು ಸಮಯವಿಲ್ಲದ ದಿನ ಕುಡಿಯುವ ನೀರಿನ ಬಾಟಲಿಯಿಂದ ಒಂದಿಷ್ಟು ಹೊಯ್ದು ಹೊರಟುಬಿಡಿ. ಈಗಾಗಲೇ ಬಿದ್ದಿರುವ ಗೀರುಗಳು ರಾತ್ರಿ ಹಿಂದಿನ ವಾಹನದ ಹೆಡ್‌ಲೈಟನ್ನು ಚೆಲ್ಲಾಪಿಲ್ಲಿಯಾಗಿ ಚದುರಿಸುವಷ್ಟು ಆಗಿದ್ದರೆ ಗಾಜನ್ನೇ ಬದಲಿಸುವುದು ಲೇಸು. ಗಾಜು ಉಜ್ಜುವ ಪುಡಿಗಳಿಂದ ಅವನ್ನು ತೆಗೆಯಹೊರಟರೆ ಕನ್ನಡಿಯ ಮೈ ಅಲ್ಲಲ್ಲಿ ತಗ್ಗಾಗಿ ಬಿಂಬವೇ ಓರೆಯಾಗುತ್ತದೆ.

ಪ್ರಶ್ನೆ: ತೋಟದ ಬದಿಯ ಅಂಗಳದಲ್ಲಿ ಕಾರು ನಿಲ್ಲಿಸಿದ್ದಾಗ ಅಡಿಕೆಗೆ ಮದ್ದು ಬಿಟ್ಟರು. ಗಾಳಿಗೆ ಹಾರಿಬಂದ ಹನಿಗಳು ಎರಡೂ ಕನ್ನಡಿಗಳ ಮೇಲೆ ನೀಲಿ ಮಿಶ್ರಿತ ಬಿಳಿ ಚುಕ್ಕೆಗಳಾಗಿ ಒಣಗಿವೆ. ಮೂರು ವಾರವಾಯಿತು, ಸಾಬೂನಿಗೆ ಬಿಡುತ್ತಿಲ್ಲ. ಉಗುರಿನಿಂದ ಕೆರೆದು ತೆಗೆಯಬಹುದೇ?
– ಪೆರ್ಲದ ಅಡಿಕೆ ಕೃಷಿಕರು

ಉತ್ತರ: ಕೆರೆಯಬೇಡಿ. ಕೊಳೆರೋಗಕ್ಕೆ ನಾವು ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು 1 ಕಿಲೋ ಸುಣ್ಣ ಇರುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅದೇ ದ್ರಾವಣ ಮಳೆಗೆ ತೊಳೆದುಹೋಗದೆ ಅಡಿಕೆಗೊನೆಗೆ ಅಂಟಿಕೊಂಡಿರಬೇಕು ಎಂಬುದೇ ನಮ್ಮ ಅಪೇಕ್ಷೆಯಾಗಿರುವಾಗ, ಕನ್ನಡಿಗೆ ಮಾತ್ರ ಅಂಟಬಾರದು ಎಂದು ಬಯಸಿದರೆ ಅದು ಕೇಳುತ್ತದೆಯೇ? ಒದ್ದೆಯಾಗಿರುವಾಗ ಬರಿಯ ನೀರಿಗೆ ಬಿಟ್ಟುಹೋಗುವ ಈ ಹನಿ ಒಣಗಿದ ಮೇಲೆ ಅದರೊಳಗಿನ ಸುಣ್ಣವು ಗಾಳಿಯ ಇಂಗಾಲದ ಡೈ ಆಕ್ಸೈಡ್‌ನೊಡನೆ ಸೇರಿ ಸುಣ್ಣಕಲ್ಲಿನದೇ ಜಾತಿಯ ಗಟ್ಟಿ ಪದರವಾಗುತ್ತದೆ, ತಾಮ್ರದ ಲವಣವೂ ಆ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಸಾಬೂನು ಕ್ಷಾರ ಗುಣದ್ದಾದುದರಿಂದ ಇವೆರಡಕ್ಕೂ ಅದು ಏನೂ ಮಾಡಲಾರದು. ಇಲ್ಲಿ ಬೇಕಾದುದು ಮೆದುವಾದ ಹುಳಿ.

ಅಡುಗೆಮನೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯ ತುಂಡನ್ನು ಚುಕ್ಕೆಗಳ ಮೇಲೆ ಎರಡು ಮೂರು ನಿಮಿಷ ಅಂಟಿಸಿಡಿ. ನೀರು ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು, ಬಟ್ಟೆಯು ಕನ್ನಡಿಯ ಅಂಚಿನವರೆಗೆ ಹೋಗಲೂಬಾರದು. ಚುಕ್ಕೆ ಮೆತ್ತಗಾದ ಮೇಲೆ ಬಟ್ಟೆಯನ್ನು ಎತ್ತಿ, ಹೇರಳವಾಗಿ ನೀರು ಹೊಯ್ಯಿರಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ಇಟ್ಟು ನೋಡಬೇಕೇ ಹೊರತು ವಿನೆಗರಿನ ಪ್ರಮಾಣವನ್ನಾಗಲಿ ಉಜ್ಜುವ ಬಲವನ್ನಾಗಲಿ ಹೆಚ್ಚಿಸಬಾರದು. ವಿನೆಗರ್ ಇಲ್ಲದ ಮನೆಯಲ್ಲಿ ಸೋಸಿದ ನಿಂಬೆರಸವೂ ನಡೆಯುತ್ತದೆ. ಹಿತ್ತಾಳೆ ಬೆಳಗಲು ಬಳಸುವ ಬಿಂಬುಳಿ ಎಂಬ ಹುಳಿಕಾಯಿಯನ್ನು ಕೆಲವರು ಸೂಚಿಸುತ್ತಾರೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದೊಡನೆ ಸೇರಿದರೆ ಕರಗದ ಹೊಸದೊಂದು ಬಿಳಿ ಹುಡಿ ಉಂಟಾಗುವುದರಿಂದ ಸುಣ್ಣದ ಕಲೆಗೆ ಅದು ತಕ್ಕ ಮದ್ದಲ್ಲ. ಬಿಂಬುಳಿ ದೀಪದ ಕಂಬಕ್ಕೇ ಇರಲಿ.

ಇನ್ನೊಂದು ಮಾತು. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ, ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುವ ಕ್ರಮ ನಮ್ಮಲ್ಲಿದೆಯಲ್ಲವೇ? ಆ ಕೆಂಪು ಲೇಪವೆಂದರೆ ಕಬ್ಬಿಣದ ಜಾಗಕ್ಕೆ ಬಂದು ಕುಳಿತ ತಾಮ್ರ. ಸುಣ್ಣ ಕಡಿಮೆಯಾದ ದ್ರಾವಣ, ಅಥವಾ ವಿನೆಗರ್ ತಾಗಿ ಮತ್ತೆ ಕರಗಿದ ತಾಮ್ರ, ಕನ್ನಡಿಯ ಗೂಡಿನೊಳಗಿನ ಸ್ಕ್ರೂಗಳಿಗೂ ಅದನ್ನೇ ಮಾಡುತ್ತದೆ. ಕೊನೆಗೆ ಹೇರಳವಾಗಿ ನೀರು ಹೊಯ್ಯಬೇಕೆಂದುದು ಇದೇ ಕಾರಣಕ್ಕೆ. ಮುಂದಿನ ಸಲ ಮದ್ದು ಬಿಡುವ ದಿನ ಕನ್ನಡಿಗಳಿಗೆ ಒಂದೊಂದು ಪ್ಲಾಸ್ಟಿಕ್ ಚೀಲ ಕಟ್ಟಿಬಿಡಿ. ನೆಲದಲ್ಲಿ ನಿಂತು ಉದ್ದದ ದೋಟಿಯಿಂದ ಬಿಡುವ ಕ್ರಮ ಬಂದ ಮೇಲೆ ಹನಿಗಳು ಎಲ್ಲಿಗೆ ತಲಪುತ್ತವೆ ಎಂಬುದನ್ನು ಗಾಳಿಯೇ ನಿರ್ಧರಿಸುತ್ತದೆ.

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರಿನಲ್ಲಿ ಕಾರು ತೊಳೆದರೆ ಕನ್ನಡಿಯ ಮೇಲೆ ಬಿಳಿ ಉಂಗುರಗಳು ಉಳಿಯುತ್ತವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಅರ್ಧದಷ್ಟು ಹೋದಂತೆ ಕಂಡರೂ ಒಂದು ಮೂಲೆಯಲ್ಲಿ ಕನ್ನಡಿಯ ಹೊಳಪೇ ಅಳಿಸಿ ಗಾಜಿನ ಆಚೆಯ ಕಪ್ಪು ಕಾಣುತ್ತಿದೆ. ಅಂಗಡಿಯವರು ಬಾತ್‌ರೂಮ್ ಆಸಿಡ್ ಹಾಕಿ ನೋಡಿ ಎನ್ನುತ್ತಾರೆ.
– ಅಕ್ಕಲಕೋಟೆಯ ಓದುಗರು (ಇದೇ ಬಗೆಯ ಬಿಳಿ ಕಲೆಗಳ ಬಗ್ಗೆ ಹೊಸೂರಿನ ಓದುಗರೊಬ್ಬರೂ ಕೇಳಿದ್ದಾರೆ.)

ಉತ್ತರ: ಆಸಿಡ್ ಬೇಡವೇ ಬೇಡ. ಕಾರಣ ತಮ್ಮ ಪತ್ರದಲ್ಲಿಯೇ ಇದೆ. ಮನೆಯ ಕನ್ನಡಿಯಲ್ಲಿ ಹೊಳೆಯುವ ಲೋಹದ ಪದರ ಗಾಜಿನ ಹಿಂದೆ ಇರುತ್ತದೆ. ಕಾರಿನ ಸೈಡ್ ಮಿರರ್‌ಗಳಲ್ಲಿ ಹಲವಕ್ಕೆ ಕ್ರೋಮಿಯಂ ಪದರವನ್ನು ಗಾಜಿನ ಮುಂದೆಯೇ, ಅಂದರೆ ನಮ್ಮ ಬೆರಳು ತಾಗುವ ಮೈಯ ಮೇಲೆಯೇ ಹಚ್ಚಿರುತ್ತಾರೆ. ತಮ್ಮದು ಅಂತಹ ಕನ್ನಡಿ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜುವುದಕ್ಕೆಂದು ಹಾಕಿದ ಸೀಮೆಸುಣ್ಣದ ಅಥವಾ ಸಿಲಿಕಾದ ನುಣ್ಣನೆಯ ಕಣಗಳು ಕಲೆಯೊಡನೆ ಆ ಪದರವನ್ನೂ ಉಜ್ಜಿ ತೆಗೆದಿವೆ. ಬಾತ್‌ರೂಮ್ ಆಸಿಡ್ ಎಂದು ಮಾರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಕ್ರೋಮಿಯಂ ಅನ್ನು ಕರಗಿಸುತ್ತದೆ, ಉಳಿದ ಹೊಳಪೂ ಅದರೊಡನೆ ಹೋಗುತ್ತದೆ.

ಪದರ ಎಲ್ಲಿದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಕಾಗದದ ಮೂಲೆಯೊಂದನ್ನು ಕನ್ನಡಿಗೆ ತಾಗಿಸಿ ಓರೆಯಾಗಿ ನೋಡಿ. ಕಾಗದದ ತುದಿಗೂ ಅದರ ಬಿಂಬದ ತುದಿಗೂ ನಡುವೆ ಗಾಜಿನ ದಪ್ಪದಷ್ಟು ಸಂದು ಕಂಡರೆ ಪದರ ಹಿಂದಿದೆ. ಎರಡೂ ತುದಿಗಳು ಒಂದನ್ನೊಂದು ಮುಟ್ಟಿದಂತೆ ಕಂಡರೆ ಪದರ ಮುಂದಿದೆ. ಮುಂದಿದ್ದರೆ ಪುಡಿ, ಪೇಸ್ಟ್, ಪಾತ್ರೆ ಉಜ್ಜುವ ನಾರು, ಬ್ಲೇಡು ಇವುಗಳಲ್ಲಿ ಯಾವುದನ್ನೂ ಅದರ ಹತ್ತಿರ ತರಬಾರದು. ಹೊಸ ಕಾರು ತಂದ ದಿನವೇ ಈ ಪರೀಕ್ಷೆ ಮಾಡಿ ತಿಳಿದುಕೊಂಡಿದ್ದರೆ ಆಮೇಲಿನ ಅನೇಕ ತಪ್ಪುಗಳು ತಪ್ಪುತ್ತವೆ.

ಇನ್ನು ಬಿಳಿ ಉಂಗುರದ ವಿಷಯ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳ ಬಾವಿ ಮತ್ತು ಸುರಂಗಗಳ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಗಳ) ನೀರು ಸಾಮಾನ್ಯವಾಗಿ ಮೃದು, ಆದುದರಿಂದ ಇಲ್ಲಿಯವರಿಗೆ ಈ ಕಷ್ಟ ಅಷ್ಟಾಗಿ ಇಲ್ಲ. ತಮ್ಮ ಕಡೆಯ ಕಪ್ಪುಕಲ್ಲಿನ ನೆಲದಾಳದ ನೀರಿನಲ್ಲಿಯೂ, ಹೊಸೂರಿನ ಕೊಳವೆಬಾವಿಗಳ ನೀರಿನಲ್ಲಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದ ಕಡೆ 600ರವರೆಗೆ. ಹಾಗಾಗಿ ಕುಡಿಯಲು ಅಡ್ಡಿಯಿಲ್ಲದ ನೀರೂ ಕನ್ನಡಿಯಲ್ಲಿ ಕಲೆ ಬಿಡಬಲ್ಲದು. ಹನಿ ಬಿಸಿಲಿಗೆ ಆರುವಾಗ ಲವಣವೆಲ್ಲ ಅದರ ಅಂಚಿಗೆ ಸರಿದು ಉಂಗುರವಾಗಿ ಉಳಿಯುತ್ತದೆ. ತಾಜಾ ಕಲೆಗೆ ಮೇಲೆ ಪೆರ್ಲದವರಿಗೆ ಹೇಳಿದ ವಿನೆಗರ್ ಉಪಾಯವೇ ಸಾಕು, ಆದರೆ ಪದರ ಮುಂದಿರುವ ಕನ್ನಡಿಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ತಿಂಗಳುಗಟ್ಟಲೆ ಉಳಿದ ಕಲೆಗಳಲ್ಲಿ ಸಿಲಿಕಾದ ಅಂಶ ಸೇರಿಕೊಂಡಿದ್ದರೆ ವಿನೆಗರಿಗೆ ಅವು ಬಗ್ಗುವುದಿಲ್ಲ.

ಕಲೆ ತೆಗೆಯುವುದಕ್ಕಿಂತ ಕಲೆಯಾಗದಂತೆ ನೋಡುವುದು ಇಲ್ಲಿ ಸುಲಭ. ಕಾರನ್ನು ನೆರಳಿನಲ್ಲಿ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ತೊಳೆಯಿರಿ, ಕನ್ನಡಿಯ ನೀರನ್ನು ಮೊದಲು ಹೀರಿಸಿ, ಮೈಯನ್ನು ಆಮೇಲೆ ಒರೆಸಿ. ಕನ್ನಡಿಗೆ ಕೊನೆಯದಾಗಿ ಹೊಯ್ಯಲು ಒಂದು ಬಾಟಲಿ ಮಳೆನೀರನ್ನೋ, ಮನೆಯ ಏಸಿಯ ಕೊಳವೆಯಿಂದ ಇಳಿಯುವ ನೀರನ್ನೋ ಇಟ್ಟುಕೊಳ್ಳಬಹುದು. ಆವಿ ತಣಿದು ಉಂಟಾದ ಆ ನೀರಿನಲ್ಲಿ ಲವಣಗಳು ಇರುವುದಿಲ್ಲವೆಂದೇ ಹೇಳಬಹುದು. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಪೋಲು ಮಾಡಬಾರದೆಂದು ಕಾರು ತೊಳೆಯುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಮೂಲ ನೀರಿಗಿಂತ ಹೆಚ್ಚು ಲವಣ ಅದರಲ್ಲಿ ಇರುವುದರಿಂದ ಅದು ಚಕ್ರಕ್ಕೂ ಕಾಲೊರಸಿಗೂ ಇರಲಿ. ಹೊಸೂರಿನ ಓದುಗರು ತಮ್ಮ ವಸತಿ ಸಮುಚ್ಚಯದಲ್ಲಿ ಒಬ್ಬರೇ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಹತ್ತು ಕಾರು ಒರೆಸುತ್ತಾರೆ ಎಂದು ಬರೆದಿದ್ದಾರೆ. ಅವರಿಗೆ ಕನ್ನಡಿಗೆಂದೇ ಬೇರೆ ಬಟ್ಟೆಯೊಂದನ್ನು ತಾವೇ ಕೊಟ್ಟುಬಿಡುವುದು ಒಳ್ಳೆಯದು.

ಪ್ರಶ್ನೆ: ಮನೆ ಕಡಲಿಗೆ ಹತ್ತಿರ. ಕನ್ನಡಿಯ ಕೆಳಗಿನ ಅಂಚಿನಿಂದ ಕಪ್ಪು ಮಚ್ಚೆಯೊಂದು ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದೆ. ಯಾವುದರಿಂದ ಒರೆಸಿದರೂ ಹೋಗುವುದಿಲ್ಲ.
– ಮಂಜೇಶ್ವರದ ಓದುಗರು

ಉತ್ತರ: ಅದು ಹೊರಗಿನ ಕೊಳೆಯಾಗಿದ್ದರೆ ಹೋಗುತ್ತಿತ್ತು. ತಮ್ಮ ಕನ್ನಡಿ ಪದರ ಹಿಂದಿರುವ ಜಾತಿಯದು. ಗಾಜಿನ ಹಿಂದೆ ಬೆಳ್ಳಿ, ಬೆಳ್ಳಿಯ ರಕ್ಷಣೆಗೆ ತಾಮ್ರ, ಅದರ ಮೇಲೆ ಬಣ್ಣ, ಹೀಗೆ ಇರುವ ಪದರಗಳಿಗೆ ಗಾಜು ಕತ್ತರಿಸಿದ ಅಂಚಿನಲ್ಲಿ ಮಾತ್ರ ಯಾವ ಮರೆಯೂ ಇರುವುದಿಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಗಾಜಿಗೆ ಬೆಳ್ಳಿ ಹಿಡಿಸುವ ವಿಧಾನವನ್ನು ಕಂಡುಕೊಂಡಂದಿನಿಂದಲೂ ಇಂತಹ ಕನ್ನಡಿಗಳ ಬಲಹೀನ ಜಾಗ ಈ ಅಂಚೇ ಆಗಿದೆ. ಕಡಲ ಗಾಳಿಯ ಉಪ್ಪು ತೇವವನ್ನು ಎಳೆದು ಹಿಡಿದಿಟ್ಟುಕೊಳ್ಳುತ್ತದೆ. ಕನ್ನಡಿಯ ಕೆಳ ಅಂಚಿನಲ್ಲಿ ನೀರು ನಿಲ್ಲುತ್ತದೆ. ಎರಡೂ ಸೇರಿದಲ್ಲಿ ಲೋಹ ಸವೆದು ಕಪ್ಪಾಗುತ್ತದೆ. ಅಮೋನಿಯಾ ಬೆರೆತ ಗಾಜು ತೊಳೆಯುವ ದ್ರವವನ್ನು ನೇರವಾಗಿ ಕನ್ನಡಿಗೆ ಸಿಂಪಡಿಸುವವರಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ದ್ರವ ಇಳಿದು ನಿಲ್ಲುವುದೂ ಆ ಅಂಚಿನಲ್ಲಿಯೇ, ಅಮೋನಿಯಾ ಕೆಡಿಸುವುದೂ ತಾಮ್ರವನ್ನೇ.

ಆದ ಕಪ್ಪನ್ನು ಹಿಂದಕ್ಕೆ ತರಲಾಗದು. ಅದರ ಏರಿಕೆಯನ್ನು ನಿಧಾನಗೊಳಿಸಬಹುದು. ವಾರಕ್ಕೊಮ್ಮೆಯಾದರೂ ಉಪ್ಪಿಲ್ಲದ ನೀರಿನಿಂದ ತೊಳೆದು, ಅಂಚಿನ ಸಂದಿನ ನೀರನ್ನು ಬಟ್ಟೆಯ ತುದಿಯಿಂದ ಹೀರಿಸಿ. ಬೇಸಗೆಯಲ್ಲಿ ಕಡಲಬದಿಯ ಬಾವಿಗಳಿಗೆ ಉಪ್ಪುನೀರು ಏರುವ ಊರುಗಳವರು ಆ ನೀರಿನಲ್ಲಿಯೇ ತೊಳೆದರೆ ಫಲವಿಲ್ಲ. ದ್ರವ ಯಾವುದೇ ಇರಲಿ, ಬಟ್ಟೆಗೆ ಸಿಂಪಡಿಸಿ, ಕನ್ನಡಿಗೆ ಬೇಡ. ಹಿಂದಿನ ಬೆಳಕಿಗೆ ತಾನಾಗಿ ಮಸುಕಾಗುವ ದುಬಾರಿ ಕನ್ನಡಿಗಳಲ್ಲಿ ಎರಡು ಗಾಜುಗಳ ನಡುವೆ ರಾಸಾಯನಿಕವೊಂದು ಇರುವುದರಿಂದ ಈ ನಿಯಮ ಅಲ್ಲಿ ಇನ್ನೂ ಕಟ್ಟುನಿಟ್ಟು.

ಪ್ರಶ್ನೆ: ಕಪ್ಪು-ಬಿಳಿಯ, ಬಾಲ ಎತ್ತಿ ಕೂರುವ ಹಕ್ಕಿಯೊಂದು ಫೆಬ್ರವರಿ ಕಳೆದ ಮೇಲೆ ದಿನವೂ ಬಂದು ಕಾರಿನ ಕನ್ನಡಿಯನ್ನು ಕುಟ್ಟುತ್ತದೆ. ಕನ್ನಡಿ, ಬಾಗಿಲು ಎಲ್ಲ ಹಿಕ್ಕೆ. ಏನು ಮಾಡಲಿ ಸರ್?
– ಮುಳ್ಳೇರಿಯಾದ ಅಧ್ಯಾಪಕರು

ಉತ್ತರ: ಮಡಿವಾಳ ಹಕ್ಕಿ. ಮಾರ್ಚಿನಿಂದ ಮಳೆಗಾಲದ ಆರಂಭದವರೆಗೆ ಅದು ಗೂಡು ಕಟ್ಟುವ ಕಾಲ, ಗಂಡು ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ಕನ್ನಡಿಯೊಳಗಿನ ಎದುರಾಳಿ ತಾನು ಎಷ್ಟು ಕುಟ್ಟಿದರೂ ಓಡಿಹೋಗದೆ ಅಷ್ಟೇ ಸಿಟ್ಟಿನಿಂದ ತಿರುಗಿ ಕುಟ್ಟುತ್ತಿರುವಾಗ ಪಾಪ, ಅದು ತಾನೇ ಸೋಲೊಪ್ಪುವುದು ಹೇಗೆ? ಸೂರಕ್ಕಿಗಳೂ ಹೀಗೆ ಮಾಡುವುದನ್ನು ಕಂಡಿದ್ದೇನೆ. ಅವುಗಳ ಕೊಕ್ಕಿನಿಂದ ಗಾಜಿಗೆ ಏನೂ ಆಗುವುದಿಲ್ಲ, ತೊಂದರೆ ಹಿಕ್ಕೆಯದು ಮಾತ್ರ.

ಒಣಗಿದ ಹಿಕ್ಕೆಯಲ್ಲಿ ಮರಳಿನ ಕಣಗಳೂ ಬೀಜದ ಚೂರುಗಳೂ ಇರುತ್ತವೆ. ಅದನ್ನು ಒಣದಾಗಿ ಒರೆಸಿದರೆ ಸೀತಾಂಗೋಳಿಯವರಿಗೆ ಆದದ್ದೇ ತಮಗೂ ಆಗುತ್ತದೆ. ಅದರ ಬಿಳಿ ಭಾಗ ಯೂರಿಕ್ ಆಮ್ಲ, ನೀರಿನಲ್ಲಿ ಬೇಗ ಕರಗುವಂತಹದಲ್ಲ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಬಾಗಿಲಿನ ಬಣ್ಣದ ಮೇಲೆ ಬಿದ್ದುದನ್ನು ಅದೇ ದಿನ ತೊಳೆಯಬೇಕು, ಬಿಸಿಲಿಗೆ ಬೆಂದರೆ ಬಣ್ಣದಲ್ಲಿ ಗುರುತು ಉಳಿಯುತ್ತದೆ. ಹಕ್ಕಿಯನ್ನು ತಡೆಯಲು ಕಾರು ನಿಲ್ಲಿಸಿದ ಕೂಡಲೇ ಕನ್ನಡಿಗೆ ಜವಳಿ ಅಂಗಡಿಯ ಬಟ್ಟೆಚೀಲವೊಂದನ್ನು ತೊಡಿಸಿಬಿಡುವುದೇ ಸರಳ ಉಪಾಯ. ಬರಿದೆ ಮಡಚಿಟ್ಟರೆ ಕನ್ನಡಿಗೂ ಬಾಗಿಲಿನ ಗಾಜಿಗೂ ನಡುವಿನ ಸಂದಿಗೆ ಇಣುಕಿ ಜಗಳ ಮುಂದುವರಿಸುವ ಹಕ್ಕಿಗಳಿವೆ. ನಾನು ಒಂದು ವರ್ಷ ರಬ್ಬರಿನ ಹಾವನ್ನು ಕನ್ನಡಿಗೆ ಸುತ್ತಿಟ್ಟಿದ್ದೆ. ಎರಡು ದಿನ ದೂರ ನಿಂತ ಹಕ್ಕಿ ಮೂರನೆಯ ದಿನ ಆ ಹಾವಿನ ಮೇಲೆಯೇ ಕುಳಿತು ಕುಟ್ಟತೊಡಗಿತು.

ಪ್ರಶ್ನೆ: ಜೋರು ಮಳೆಯಲ್ಲಿ ಕನ್ನಡಿಯ ತುಂಬ ಹನಿ ನಿಂತು ಹಿಂದಿನದೇನೂ ಕಾಣುವುದಿಲ್ಲ. ಬಟಾಟೆ ಉಜ್ಜಿ ಎಂದು ಒಬ್ಬರು, ಶ್ಯಾಂಪು ಹಚ್ಚಿ ಎಂದು ಇನ್ನೊಬ್ಬರು, ಅಂಗಡಿಯಲ್ಲಿ ಸಿಗುವ ಫಿಲ್ಮ್ ಅಂಟಿಸಿ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದು ಸರಿ?
– ಬದಿಯಡ್ಕದ ಓದುಗರು

ಉತ್ತರ: ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ನೀರನ್ನು ಗಾಜಿನಿಂದ ನಿವಾರಿಸುವುದಕ್ಕೆ ಎರಡು ದಾರಿಗಳಿವೆ. ಹನಿ ಉರುಳಿಹೋಗುವಂತೆ ಗಾಜನ್ನು ಕೆಸುವಿನ ಎಲೆಯಂತೆ ಮಾಡುವುದು ಒಂದು, ಹನಿಯೇ ನಿಲ್ಲದೆ ತೆಳ್ಳನೆಯ ಪದರವಾಗಿ ಹರಡುವಂತೆ ಮಾಡುವುದು ಇನ್ನೊಂದು. ಮುಂಭಾಗದ ಗಾಜಿಗೆ ಮೊದಲನೆಯದು ಹೊಂದುತ್ತದೆ, ಏಕೆಂದರೆ ಅಲ್ಲಿ ಎದುರುಗಾಳಿ ಹನಿಗಳನ್ನು ತಳ್ಳಿಕೊಂಡು ಹೋಗುತ್ತದೆ. ಸೈಡ್ ಮಿರರ್ ಹಿಂದಕ್ಕೆ ಮುಖ ಮಾಡಿ ತನ್ನದೇ ಗೂಡಿನ ಮರೆಯಲ್ಲಿ ನಿಂತಿದೆ, ಅಲ್ಲಿಗೆ ಗಾಳಿಯ ತಳ್ಳು ಸರಿಯಾಗಿ ತಾಗುವುದಿಲ್ಲ. ನಮ್ಮ ತಿರುವುಗಳ ರಸ್ತೆಯಲ್ಲಿ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗಲಂತೂ ಮೇಣದ ಪಾಲಿಶ್ ಹಚ್ಚಿದ ಕನ್ನಡಿಯಲ್ಲಿ ಹನಿಗಳು ಮುತ್ತು ಪೋಣಿಸಿದಂತೆ ನಿಂತೇ ಇರುತ್ತವೆ. ಆದುದರಿಂದ ಕನ್ನಡಿಗೆ ಎರಡನೆಯ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹೊಗೆಯ ಜಿಡ್ಡು, ಪಾಲಿಶಿನ ಅಂಶ ಯಾವುದೂ ಇಲ್ಲದ ಶುದ್ಧ ಗಾಜಿನಲ್ಲಿ ನೀರು ತಾನಾಗಿಯೇ ಹರಡುತ್ತದೆ. ಮಳೆಗಾಲಕ್ಕೆ ಮೊದಲು ಶ್ಯಾಂಪು ನೀರಿನಿಂದ ಚೆನ್ನಾಗಿ ಜಿಡ್ಡು ತೆಗೆದರೆ ಅರ್ಧ ಕೆಲಸ ಆದಂತೆ. ಶ್ಯಾಂಪುವಿನ ಒಂದು ಹನಿಯನ್ನು ಬಟ್ಟೆಯಲ್ಲಿ ತೀರ ತೆಳುವಾಗಿ ಸವರಿಬಿಟ್ಟರೂ, ಬಟಾಟೆಯ ಹೋಳನ್ನು ಉಜ್ಜಿದರೂ ನೀರು ಹರಡುತ್ತದೆ, ಆದರೆ ಆಟಿ ತಿಂಗಳ (ಜುಲೈ–ಆಗಸ್ಟ್ ಹೊತ್ತಿನ) ಒಂದೆರಡು ಮಳೆಗೆ ಎಲ್ಲವೂ ತೊಳೆದುಹೋಗುತ್ತದೆ. ಫಿಲ್ಮ್ ಕೊಳ್ಳುವುದಾದರೆ ನೀರನ್ನು ಹರಡಿಸುವ ಬಗೆಯದನ್ನೇ ಕೇಳಿ ಕೊಳ್ಳಿ, ಗಾಜು ತೊಳೆದು ಒದ್ದೆ ಇರುವಾಗಲೇ ಅಂಟಿಸಿ, ಗುಳ್ಳೆಗಳನ್ನು ನಡುವಿನಿಂದ ಅಂಚಿಗೆ ದೂಡಿ. ಅದನ್ನು ಒಣಬಟ್ಟೆಯಿಂದ ಒರೆಸತೊಡಗಿದರೆ ಒಂದೇ ಮಳೆಗಾಲದಲ್ಲಿ ಗುಣ ಕಳೆದುಕೊಳ್ಳುತ್ತದೆ. ಕಾರಿನಲ್ಲಿ ಕನ್ನಡಿ ಬಿಸಿಯಾಗುವ ಸೌಕರ್ಯವಿದ್ದರೆ, ಹಲವು ಕಾರುಗಳಲ್ಲಿ ಅದು ಹಿಂಬದಿ ಗಾಜಿನ ಡಿಫಾಗರ್ ಗುಂಡಿಯೊಡನೆಯೇ ಹೊತ್ತಿಕೊಳ್ಳುತ್ತದೆ, ಒತ್ತಿ ನೋಡಿ. ಕೊನೆಯದಾಗಿ, ನಾವು ಕನ್ನಡಿಯನ್ನು ನೋಡುವುದು ಬಾಗಿಲಿನ ಗಾಜಿನ ಮೂಲಕ. ಕನ್ನಡಿ ಎಷ್ಟು ಸ್ವಚ್ಛವಿದ್ದರೂ ಆ ಗಾಜಿನ ಮುಂದಿನ ಮೂಲೆ ಮಬ್ಬಾಗಿದ್ದರೆ ಪ್ರಯೋಜನವಿಲ್ಲ.

ಕೆಲವು ಚಿಕ್ಕ ಪ್ರಶ್ನೆಗಳಿಗೆ ಚಿಕ್ಕದಾಗಿಯೇ ಉತ್ತರಿಸುತ್ತೇನೆ. ಕಾರು ತೊಳೆದು ಅರ್ಧ ಗಂಟೆಯ ಮೇಲೂ ಕನ್ನಡಿಯ ಗೂಡಿನಿಂದ ನೀರು ಸೋರಿ ಬಾಗಿಲಿನ ಮೇಲೆ ಗೆರೆ ಬೀಳುತ್ತದೆ ಎಂದ ಉಪ್ಪಳದವರು ಗೂಡಿನ ಅಡಿಯ ಸಣ್ಣ ತೂತನ್ನು ನೋಡಲಿ, ಅದು ಜೇಡನ ಬಲೆಯಿಂದಲೋ ಕಣಜದ ಮಣ್ಣಿನ ಗೂಡಿನಿಂದಲೋ ಕಟ್ಟಿಹೋಗಿರುತ್ತದೆ, ಹಿಡಿಸೂಡಿಯ ಒಂದು ಕಡ್ಡಿ ಸಾಕು. ನೀರಿನ ಪ್ರೆಶರ್ ಗನ್ನನ್ನು ಗಾಜಿಗೂ ಗೂಡಿಗೂ ನಡುವಿನ ಸಂದಿಗೆ ಗುರಿಯಿಟ್ಟು ಹಿಡಿಯಬಾರದು, ಒಳಗೆ ಮೋಟಾರು ಮತ್ತು ತಂತಿಗಳಿವೆ. ಹಲಸಿನ ಮೇಣ ಬಿದ್ದುದಕ್ಕೆ ತೆಂಗಿನೆಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಶ್ಯಾಂಪು ನೀರಿನಿಂದ ತೊಳೆಯಿರಿ, ಗುಜ್ಜೆ ಹೆಚ್ಚಿದ ಕೈಗೆ ಮಾಡುವ ಉಪಚಾರವೇ ಇಲ್ಲಿಗೂ. ಆದರೆ ಬೂದುಬಣ್ಣಕ್ಕೆ ತಿರುಗಿದ ಕಪ್ಪು ಪ್ಲಾಸ್ಟಿಕ್ ಗೂಡಿಗೆ ಅದೇ ಎಣ್ಣೆ ಹಚ್ಚುವ ಅಭ್ಯಾಸ ಬೇಡ, ಎರಡು ದಿನ ಹೊಳೆದು ಮೂರನೆಯ ದಿನ ಊರಿನ ಹುಡಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಸ್ವಿಚ್ಚಿನಿಂದ ಮಡಚುವ ಕನ್ನಡಿಯನ್ನು ಯಾರೋ ಕೈಯಿಂದ ತಳ್ಳಿದ ಮೇಲೆ ಅದು ಸಡಿಲವಾಗಿ ಅಲುಗುತ್ತಿದ್ದರೆ ಗಾಬರಿಯಾಗದೆ ಸ್ವಿಚ್ಚನ್ನು ಎರಡು ಮೂರು ಸಲ ಮಡಚಿ ಬಿಡಿಸಿ ನೋಡಿ, ಟಕ್ ಎಂಬ ಸದ್ದಿನೊಡನೆ ಹಲ್ಲುಗಳು ತಮ್ಮ ಜಾಗಕ್ಕೆ ಕೂರುವುದೇ ಹೆಚ್ಚು.

ಪ್ರಶ್ನೆ: ಎಡಬದಿಯ ಕನ್ನಡಿಯ ಗಾಜು ಬಿರುಕು ಬಿಟ್ಟಿದೆ, ಗೂಡು ಸರಿಯಾಗಿಯೇ ಇದೆ. ಗ್ಯಾರೇಜಿನವರು ಪೂರ್ತಿ ಸೆಟ್ ಬದಲಿಸಬೇಕು ಎನ್ನುತ್ತಾರೆ. ಗಾಜಿನ ಅಂಗಡಿಯಲ್ಲಿ ಅದೇ ಆಕಾರಕ್ಕೆ ಕತ್ತರಿಸಿ ಅಂಟಿಸಿದರೆ ಆಗದೇ?
– ಕುಂಬಳೆಯ ಓದುಗರು

ಉತ್ತರ: ಎರಡೂ ಬೇಡ. ಎಡಗನ್ನಡಿ ಸಾಮಾನ್ಯವಾಗಿ ಹೊರಕ್ಕೆ ಉಬ್ಬಿದ ಗಾಜು. ಹೆಚ್ಚು ಅಗಲದ ನೋಟ ಸಿಗಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ, ಅದರಲ್ಲಿ ವಾಹನಗಳು ಇದ್ದುದಕ್ಕಿಂತ ದೂರದಲ್ಲಿ ಕಾಣುವುದೂ ಅದರಿಂದಲೇ. ಅಂಗಡಿಯ ಚಪ್ಪಟೆ ಕನ್ನಡಿಯನ್ನು ಅಂಟಿಸಿದರೆ ಪಕ್ಕದಲ್ಲಿ ನುಸುಳಿಬರುವ ಸ್ಕೂಟರು ಕಣ್ಣಿಗೆ ಬೀಳದೆ ಹೋಗಬಹುದು. ಹೆಚ್ಚಿನ ಕಾರುಗಳಿಗೆ ಹಿಂಬದಿಯ ಪ್ಲಾಸ್ಟಿಕ್ ತಟ್ಟೆಯೊಡನೆ ಗಾಜು ಮಾತ್ರವೇ ಬಿಡಿಭಾಗವಾಗಿ ಸಿಗುತ್ತದೆ, ಪೂರ್ತಿ ಸೆಟ್ಟಿನ ಬೆಲೆಗೆ ಹೋಲಿಸಿದರೆ ಅದು ತೀರ ಅಗ್ಗ. ಕಾಸರಗೋಡಿನ ಬಿಡಿಭಾಗಗಳ ಅಂಗಡಿಯಲ್ಲಿ ಮಲಯಾಳದಲ್ಲಿ ‘ಗ್ಲಾಸ್ ಮಾತ್ರಂ ಮತಿ’ (ಗಾಜು ಮಾತ್ರ ಸಾಕು) ಎಂದು ಮೊದಲೇ ಸ್ಪಷ್ಟವಾಗಿ ಹೇಳಿ, ಕಾರಿನ ಮಾದರಿ, ವರ್ಷ, ಎಡವೋ ಬಲವೋ, ಬಿಸಿಯಾಗುವ ತಂತಿ ಇದೆಯೋ ಇಲ್ಲವೋ ಎಂಬುದನ್ನು ತಿಳಿಸಿ.

ಬಿರುಕು ಬಿಟ್ಟ ಗಾಜಿನ ಮೇಲೆ ಅಗಲದ ಟೇಪನ್ನು ಅಡ್ಡಡ್ಡಲಾಗಿ ಅಂಟಿಸಿ, ಕೈಗವಸು ತೊಟ್ಟು, ಕನ್ನಡಿಯ ಒಂದು ಬದಿಯನ್ನು ಪೂರ್ತಿ ಒಳಕ್ಕೆ ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಬೆರಳು ಹೋಗುವಷ್ಟು ಸಂದು ಬಿಡುತ್ತದೆ. ಅಲ್ಲಿಂದ ಮೆಲ್ಲಗೆ ಎಳೆದರೆ ಕ್ಲಿಪ್ಪುಗಳು ಬಿಡುತ್ತವೆ. ಮೊದಲು ಬಿಸಿನೀರಿನ ಬಟ್ಟೆ ಇಟ್ಟು ಪ್ಲಾಸ್ಟಿಕ್ಕನ್ನು ಸ್ವಲ್ಪ ಮೆದುವಾಗಿಸಿಕೊಂಡರೆ ಕ್ಲಿಪ್ಪುಗಳು ಮುರಿಯುವ ಭಯ ಕಡಿಮೆ. ತಂತಿಗಳಿದ್ದರೆ ಯಾವುದು ಎಲ್ಲಿತ್ತು ಎಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಹೊಸ ಗಾಜನ್ನು ಕೂರಿಸುವಾಗ ಅಂಗೈಯನ್ನು ಅಗಲವಾಗಿಟ್ಟು ನಡುವಿಗೆ ಒತ್ತಬೇಕು, ಅಂಚನ್ನು ಒತ್ತಿದರೆ ಅದೂ ಬಿರುಕು ಬಿಡುತ್ತದೆ. ಆಮೇಲೆ ಚಾಲಕನ ಆಸನದಲ್ಲಿ ಕುಳಿತು, ಮನೆಯವರೊಬ್ಬರನ್ನು ಕಾರಿನ ಹಿಂದಿನಿಂದ ಎಡಬದಿಯಾಗಿ ಮುಂದಕ್ಕೆ ನಡೆದು ಬರುವಂತೆ ಹೇಳಿ, ಅವರು ಕನ್ನಡಿಯಿಂದ ಮರೆಯಾಗುವ ಹೊತ್ತಿಗೆ ಕಣ್ಣಂಚಿಗೆ ನೇರವಾಗಿ ಕಾಣುವಂತೆ ಕನ್ನಡಿಯ ಕೋನವನ್ನು ಹೊಂದಿಸಿಕೊಳ್ಳಿ.